ಎತ್ತರ ಬೇಡ ಎಂದ ಮೇಷ್ಟ್ರು

ಚಹಾದಂಗಡಿಯ ಗೋಡೆಗೆ ಅಂಟಿಸಿದ್ದ ಆ ಚಿತ್ರವನ್ನು ನೋಡದೆ ಹೋಗಿದ್ದರೆ ವಗ್ದಿ ಮೇಷ್ಟ್ರ ದಿನ ಸುಖವಾಗಿ ಕಳೆಯುತ್ತಿತ್ತು. ಅಲೆಕ್ಸಾಂಡ್ರಿಯಾದ ಹಳೆಯ ಹತ್ತಿ ಗೋದಾಮಿನ ಜಾಗದಲ್ಲಿ ಅರವತ್ತು ಮಹಡಿಯ ಕಟ್ಟಡ ಏಳಲಿದೆ, ತಕರಾರು ಇದ್ದವರು ಇಂದು ಮಧ್ಯಾಹ್ನ ನಗರ ಸಮಿತಿಯ ಮುಂದೆ ಹೇಳಬಹುದು ಎಂದು ಅದರ ಕೆಳಗೆ ಬರೆದಿತ್ತು. ಗೋದಾಮಿಗೆ ಅಂಟಿಕೊಂಡಂತೆ ಪೂರ್ವಕ್ಕಿದ್ದುದು ಮೇಷ್ಟ್ರ ಓಣಿ.

ಮೂವತ್ತು ವರ್ಷ ರೇಖಾಗಣಿತ ಕಲಿಸಿ ನಿವೃತ್ತರಾದವರು ಸುಮ್ಮನಿರುತ್ತಾರೆಯೇ? ಸಿಗರೇಟು ಪ್ಯಾಕಿನ ಹಿಂಬದಿಯಲ್ಲಿ ಒಂದು ತ್ರಿಕೋನ ಎಳೆದು, "ಮೂರು ಗಂಟೆಗೆಲ್ಲ ನಮ್ಮ ತಾರಸಿ ಮೇಲೆ ಕತ್ತಲೆ" ಎಂದರು. ತಾರಸಿಯ ಗೂಡಿನಲ್ಲಿ ಅವರ ನಲವತ್ತೆರಡು ಪಾರಿವಾಳಗಳಿದ್ದವು. ಸಂಜೆ ಅವನ್ನು ಹಾರಿಸುವುದೇ ಅವರಿಗೀಗ ಉದ್ಯೋಗ.

"ಪಾರಿವಾಳ ಹಾಗಿರ್ಲಿ, ನನ್ನ ಬಟ್ಟೆ ಒಣಗೋದು ಹೇಗೆ?" ಎಂದಳು ಕೆಳಮನೆಯ ಉಮ್ ನಗ್ಲಾ. "ಓದಿದೋರು ನೀವೇ ಮಾತಾಡ್ಬೇಕು. ನಡೀರಿ."

"ಎತ್ತರ ಬೇಡ ಅನ್ನಿ ಮೇಷ್ಟ್ರೇ, ಕಟ್ಟಡಾನೇ ಬೇಡ ಅನ್ಬೇಡಿ" ಎಂದು ಅಂಗಡಿಯ ಹಾಜಿ ಮೆತ್ವಲ್ಲಿ ಹಿಂದೆಯೇ ಹೊರಟ. "ಕೆಲಸದೋರು ನೂರಾರು ಜನ ಚಹಾ ಕುಡೀತಾರೆ."

"ನನಗೆ ಬಿಡಿ" ಎಂದರು ಮೇಷ್ಟ್ರು. ಟ್ರಾಮಿನಲ್ಲಿ ಉಮ್ ನಗ್ಲಾ ಮಾತಿನಲ್ಲೇ ಕಟ್ಟಡಕ್ಕೆ ಅಗಲವಾದ ಬಾಲ್ಕನಿ ಇಡಿಸಿದಳು, ಹಾಜಿ ತುದಿಗೊಂದು ಗುಮ್ಮಟ ಕೂರಿಸಿದ. ಇಳಿಯುವ ಹೊತ್ತಿಗೆ ಇಬ್ಬರೂ ಜಗಳವಾಡಿ ಮಾತು ಬಿಟ್ಟಿದ್ದರು.

ಸಭೆಯಲ್ಲಿ ಮೇಜಿನ ಮೇಲೆ ಕಟ್ಟಡದ ಬಿಳಿಯ ಮಾದರಿ ನಿಂತಿತ್ತು. ಅದನ್ನು ರಚಿಸಿದ ಇಂಜಿನಿಯರ್ ರಾವ್ಯಾ, "ಇದು ಅರಳ್ತಾ ಇರೋ ಹತ್ತಿಯ ಕಾಯಿ" ಎಂದು ವಿವರಿಸುತ್ತಿದ್ದಳು.

"ನಂಗೆ ಅತ್ತರಿನ ಬಾಟ್ಲಿ ಥರ ಕಾಣುತ್ತೆ" ಎಂದ ಒಬ್ಬ ಸದಸ್ಯ.

"ಬಾಟ್ಲಿ ಎಲ್ಲಿ ಬಂತು, ಮೊಳೆ ಹೊಡೆದ ಬದನೆಕಾಯಿ" ಎಂದ ಇನ್ನೊಬ್ಬ.

ಮೇಷ್ಟ್ರು ಎದ್ದರು. "ರೂಪ ಹೇಗಾದ್ರೂ ಇರ್ಲಿ. ತಪ್ಪಿರೋದು ಎತ್ತರದಲ್ಲಿ. ದೀಪ ಆರಿಸಿ."

ದೀಪ ಆರಿತು. ಉಮ್ ನಗ್ಲಾಳ ಚೀಲದಿಂದ ಒಂದು ಫಲಾಫೆಲ್ ವಡೆ ತೆಗೆದು ಮೇಜಿನ ಅಂಚಿಗಿಟ್ಟು, "ಇದು ನನ್ನ ಮನೆ" ಎಂದು ಫೋನಿನ ಬೆಳಕು ಬಿಟ್ಟರು. ಮಾದರಿಯ ನೆರಳು ಅಧ್ಯಕ್ಷರ ಮುಖದ ಮೇಲೆ ಬಿತ್ತು. ಮನೆ ಮಾತ್ರ ಕಾಣಲಿಲ್ಲ.

"ಕ್ಷಮಿಸಿ" ಎಂದರು ಅಧ್ಯಕ್ಷರು, ಬಾಯಿ ಒರೆಸಿಕೊಳ್ಳುತ್ತ. "ತಿಂಡಿ ಹಂಚ್ತಿದ್ದಾರೆ ಅಂದ್ಕೊಂಡೆ."

ಮೇಷ್ಟ್ರು ಎದೆಗುಂದಲಿಲ್ಲ. "ಪರವಾಗಿಲ್ಲ. ಇಲ್ಲಿಂದ ಮೇಲೆ ಏನೂ ಬೇಡ" ಎಂದು ಇಪ್ಪತ್ತನೆಯ ಮಹಡಿಯನ್ನು ಬೆರಳಿನಿಂದ ತಟ್ಟಿದರು. ಮೇಲಿನ ನಲವತ್ತು ಮಹಡಿ ಸೌತೆಕಾಯಿಯಂತೆ ಲಟಕ್ಕನೆ ಮುರಿದು ಅವರ ಕೈಗೇ ಬಂತು.

ದೀಪ ಹತ್ತಿತು. ಹಾಜಿ ಬಾಗಿಲಿನ ಕಡೆ ನೋಡಿದ. ಮೇಷ್ಟ್ರು ಮಾತ್ರ ಕೈಯಲ್ಲಿದ್ದುದನ್ನು ತಾವೇ ಅಳತೆ ಹಾಕಿ ಕತ್ತರಿಸಿದವರ ಹಾಗೆ, "ಇಷ್ಟು ಹೆಚ್ಚಾಗಿತ್ತು" ಎಂದರು.

ಅಧ್ಯಕ್ಷರು ಉಳಿದ ಮೋಟನ್ನು ತಲೆ ವಾರೆ ಮಾಡಿ ನೋಡಿದರು. "ಈಗ ನೋಡಿ, ಲಕ್ಷಣವಾಗಿದೆ." ಬದನೆಕಾಯಿಯವನೂ ಬಾಟಲಿಯವನೂ ಮೊದಲ ಬಾರಿಗೆ ಒಟ್ಟಿಗೆ ತಲೆಯಾಡಿಸಿದರು. ಚಪ್ಪಾಳೆ ಬಿತ್ತು. ಟ್ರಾಮಿನಿಂದ ಮಾತು ಬಿಟ್ಟಿದ್ದ ಹಾಜಿ ಉಮ್ ನಗ್ಲಾಳಿಗೆ, "ನೋಡ್ದೇನಮ್ಮಾ, ನಮ್ಮ ಮೇಷ್ಟ್ರು" ಎಂದ.

ರಾವ್ಯಾ ಎರಡು ನಿಮಿಷ ಕಾಗದದಲ್ಲಿ ಏನೋ ಗುಣಿಸಿದಳು. ಮುಖ ಅರಳಿತು. "ಆಗಬಹುದು ಸಾರ್. ನಮಗೆ ಬೇಕಾಗಿರೋದು ಒಟ್ಟು ಜಾಗ ಅಷ್ಟೇ. ಮೇಲಕ್ಕೆ ಬೇಡ ಅಂದ್ರೆ ಅಗಲಕ್ಕೆ ಹೋಗೋಣ."

ಮೇಷ್ಟ್ರ ಕೈಯಿಂದ ತುಂಡನ್ನು ಇಸಿದುಕೊಂಡು ಎರಡಾಗಿ ಮುರಿದಳು. ನಕ್ಷೆಯ ಮೇಲೆ ಗೋದಾಮಿನ ಪೂರ್ವಕ್ಕೆ ಎರಡನ್ನೂ ಒತ್ತೊತ್ತಾಗಿ ನಿಲ್ಲಿಸಿದಳು.

"ಅಲ್ಲೊಂದು ಸಣ್ಣ ಓಣಿ ಇದೆ" ಎಂದರು ಅಧ್ಯಕ್ಷರು. "ತೆಗೆದ್ರಾಯ್ತು. ಯಾರದಾದ್ರೂ ವಿರೋಧ ಇದೆಯಾ?"

ಮೇಷ್ಟ್ರು ಬಾಯಿ ತೆರೆದರು. ಅಷ್ಟರಲ್ಲಿ ಸಭೆಯ ಕೈಗಳೆಲ್ಲ ಒಪ್ಪಿಗೆಗೆ ಮೇಲೆದ್ದಿದ್ದವು.

ಗುಮಾಸ್ತ ದಪ್ಪ ಪುಸ್ತಕವೊಂದನ್ನು ತಂದು ಅವರ ಮುಂದೆ ಗೌರವದಿಂದ ಬಿಡಿಸಿದ. "ಸಲಹೆ ಕೊಟ್ಟೋರು ಅನ್ನೋ ಕಡೆ ನಿಮ್ಮ ಹೆಸರು ಬರೆದಿದ್ದೀನಿ ಮೇಷ್ಟ್ರೇ. ಇಲ್ಲೊಂದು ಸಹಿ. ಹಾಗೇ, ನೋಟೀಸು ಕಳಿಸೋಕೆ ಮನೆ ವಿಳಾಸ."