ನಾನು ಉಂಡೆ ಕಟ್ಟಿದ ಸೋಫಾ

ಹೆಂಡತಿಗೆ ಪರೀಕ್ಷೆ ಇರುವ ದಿನ ಗಂಡನಾದವನು ಮನೆಯನ್ನು ಕನ್ನಡಿಯಂತೆ ಹೊಳೆಯಿಸಬೇಕು! ಇಂಥದ್ದೊಂದು ಘನಘೋರ ಪ್ರತಿಜ್ಞೆಯನ್ನು ಕಳೆದ ವಾರ ಹಲ್ಲುಜ್ಜುತ್ತಾ ಕೈಗೊಂಡೆ. ಬಾಯಿ ತುಂಬ ನೊರೆಯಿದ್ದ ಕಾರಣ ಅದು ಯಾರಿಗೂ ಕೇಳಿಸಲಿಲ್ಲ. ಕೇಳಿಸಿದ್ದರೆ ಖಂಡಿತ ತಡೆಯುತ್ತಿದ್ದರು.

ನಾನು ಪಾರ್ಸೆಲ್ ಕಂಪನಿಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ದುಡಿಯುವವನು. ಅಲುಗಾಡುವ ಯಾವುದನ್ನೇ ಆದರೂ ಡಬ್ಬದಲ್ಲಿ ಕೂರಿಸಿ, ಟೇಪು ಸುತ್ತಿ, ಅಲುಗಾಡದಂತೆ ಮಾಡುವುದು ನನ್ನ ವೃತ್ತಿ. ಹಾಗಾಗಿ ನನ್ನವಳು ಅಂಗಡಿಯ ಕ್ಯಾಶಿಯರ್ ಕೆಲಸ ಬಿಟ್ಟು ಒಳಾಂಗಣ ವಿನ್ಯಾಸ ಓದಲು ಕಾಲೇಜು ಸೇರುತ್ತೇನೆಂದಾಗ ನನಗೆ ನಗು ತಡೆಯಲಾಗಲಿಲ್ಲ.

"ಕುರ್ಚಿ ಎಲ್ಲಿಡಬೇಕು ಅಂತ ಕಲಿಯೋಕೆ ಕಾಲೇಜು ಬೇರೆ ಬೇಕಾ? ಎಲ್ಲಿ ಖಾಲಿ ಇದೆಯೋ ಅಲ್ಲಿ ಇಟ್ಟರಾಯ್ತಪ್ಪ!"

"ಅದಕ್ಕೇ ನಮ್ಮನೆ ಫ್ರಿಜ್ಜಿನ ಬಾಗಿಲು ಅರ್ಧ ಮಾತ್ರ ತೆಗೆಯೋದು" ಎಂದಳು.

ಫ್ರಿಜ್ಜು ಇಟ್ಟವನು ನಾನೇ. ಮಾತು ಬದಲಿಸಿದೆ.

ಅಲ್ಲಿ ಪರದೆ, ದಿಂಬು, ಹೂದಾನಿಗಳ ಬಗ್ಗೆ ಪಾಠ ಇರುತ್ತದೆ ಅಂದುಕೊಂಡಿದ್ದೆ. ಇವಳು ಮೊದಲ ವಾರವೇ ಮನೆಗೆ ಬಂದು ನನ್ನ ಮಂಡಿ ಅಳೆದಳು! ಕೂತರೆ ಎಷ್ಟೆತ್ತರ, ನಿಂತರೆ ಎಷ್ಟೆತ್ತರ, ಸೋಫಾದಲ್ಲಿ ಜಾರಿಕೊಂಡರೆ ಕಾಲು ಎಲ್ಲಿಯವರೆಗೆ ಹರಿಯುತ್ತದೆ, ಎಲ್ಲವನ್ನೂ. ಆಮೇಲೆ ಅವಳ ಅಮ್ಮನ ಸರದಿ. ನಮ್ಮ ಜೊತೆಗೇ ಇರುವ ಅತ್ತೆಯವರು ಮಂಡಿನೋವಿಗೆ ಊರುಗೋಲು ಹಿಡಿದಿದ್ದಾರೆ. ನಾಲಿಗೆಗೆ ಮಾತ್ರ ಯಾವ ಆಸರೆಯೂ ಬೇಕಿಲ್ಲ. ಅದಾದ ಮೇಲೆ ಒಂದಿಡೀ ಭಾನುವಾರ ಗೋಡೆಯ ಎದುರು ಕೂತು, ಬಿಸಿಲು ಅದರ ಮೇಲೆ ಹೇಗೆ ನಡೆಯುತ್ತದೆ ಎಂದು ನೋಡಿದಳು.

"ಗೋಡೆ ನೋಡೋಕೆ ಕಾಲೇಜಿನವರು ಏನು ಕೊಡ್ತಾರೆ?" ಎಂದು ಕೆಣಕಿದೆ.

"ಅವರು ಕೊಡಲ್ಲ, ನಾವೇ ಕೊಡ್ತೀವಿ. ಫೀಸು ಅಂತಾರೆ" ಎಂದರು ಅತ್ತೆ.

ಇಷ್ಟೆಲ್ಲ ಅಳೆದರೂ ಕಳೆದ ಪರೀಕ್ಷೆಯಲ್ಲಿ ಅವಳು ಫೇಲಾದಳು. ವಿದ್ಯಾರ್ಥಿಗಳು ನಡುಗುತ್ತಾ 'ಅಳತೆ ಮೇಡಂ' ಎಂದು ಕರೆಯುವ ಅವರ ಅಧ್ಯಾಪಕಿ, "ನಕ್ಷೆ ಅಂದವಾಗಿದೆ. ಆದರೆ ಇದರೊಳಗೆ ಮನುಷ್ಯರೇ ಕಾಣ್ತಿಲ್ಲವಲ್ಲಮ್ಮ" ಎಂದುಬಿಟ್ಟರಂತೆ. ಇನ್ನೊಂದು ಅವಕಾಶ ಸಿಕ್ಕಿತು. ಅದೂ ಕೈಕೊಟ್ಟರೆ ವರ್ಷವನ್ನೇ ಮತ್ತೆ ಓದಬೇಕು. ಆ ವಾರ ಅವಳು ಸರಿಯಾಗಿ ಊಟ ಮಾಡಲಿಲ್ಲ. ಪರೀಕ್ಷೆಯ ದಿನ ಮಧ್ಯಾಹ್ನ ಮೇಡಂ ಮನೆಗೇ ಬರುತ್ತಾರೆ ಎನ್ನುವುದಷ್ಟೇ ನನಗೆ ಗೊತ್ತಿತ್ತು. ಮಿಕ್ಕಿದ್ದನ್ನೂ ಹೇಳಿದ್ದಳಂತೆ. ನಾನು ಫೋನು ನೋಡುತ್ತಾ "ಹೂಂ" ಅಂದಿದ್ದೆನಂತೆ.

ಆ 'ಹೂಂ' ನನ್ನನ್ನು ಮುಳುಗಿಸಿತು ನೋಡಿ!

ರಜೆ ಹಾಕಿದ್ದ ನಾನು ಪೊರಕೆ ಹಿಡಿದು ನಡುಮನೆಗೆ ಬಂದೆ. ನಡುಮನೆ ಖಾಲಿ! ಸಾಮಾನೆಲ್ಲ ಮಲಗುವ ಕೋಣೆ ಸೇರಿತ್ತು. ಪಾಪ, ಗುಡಿಸಲೆಂದು ಎಲ್ಲ ತಳ್ಳಿಟ್ಟು, ಹೊತ್ತಾಯಿತೆಂದು ಹಾಗೇ ಕಾಲೇಜಿಗೆ ಓಡಿದ್ದಾಳೆ ಎಂದು ಕರುಳು ಚುರ್ ಎಂದಿತು. ನೆಲದ ಮೇಲೆಲ್ಲ ಕಪ್ಪು ಟೇಪಿನ ಗೆರೆಗಳು ಅಂಟಿಕೊಂಡಿದ್ದವು. ಟೇಪು ಕೀಳುವುದರಲ್ಲಿ ನನ್ನನ್ನು ಮೀರಿಸುವವರು ಹುಟ್ಟಿಲ್ಲ! ಸರ್ರ್ ಎಂದು ಕಿತ್ತೆ, ಉಂಡೆ ಕಟ್ಟಿದೆ, ನೆಲ ಒರೆಸಿದೆ. ನನ್ನ ಮುಖ ನನಗೇ ಕಂಡಿತು. ಬಹಳ ಸುಂದರವಾಗಿದ್ದೆ.

ಪಕ್ಕದ ಮನೆಗೆ ಹೋಗಿದ್ದ ಅತ್ತೆ ಆಗ ಬಂದರು. ಬಾಗಿಲಲ್ಲೇ ನಿಂತರು.

"ಅಳಿಯಂದಿರೇ, ಸೋಫಾ ಎಲ್ಲಿ?"

"ರೂಮಲ್ಲಿದೆ ಅತ್ತೆ."

"ಆ ಸೋಫಾ ಅಲ್ಲಪ್ಪ. ಮೇಡಂ ನೋಡೋಕೆ ಬರ್ತಿರೋ ಸೋಫಾ. ನನ್ನ ಮಗಳು ಮೊಣಕಾಲೂರಿ ಗೆರೆ ಎಳೆದಿದ್ಲಲ್ಲ, ಇಲ್ಲಿ ಸೋಫಾ, ಇಲ್ಲಿ ಮೇಜು, ಇಲ್ಲಿ ಕಪಾಟು ಅಂತ?"

ನಾನು ಕೈಯಲ್ಲಿದ್ದ ಉಂಡೆಯನ್ನು ನೋಡಿದೆ. ಅತ್ತೆಯೂ ನೋಡಿದರು.

"ಮೂರೂ ಇದರಲ್ಲೇ ಇರಬೇಕು" ಎಂದೆ.

ಅಷ್ಟರಲ್ಲಿ ಅವಳ ಫೋನು! "ರೀ, ನೆಲದ ಮೇಲಿನ ಟೇಪು ತುಳಿದು ಹಾಳು ಮಾಡಿಲ್ಲ ತಾನೇ?"

"ಹಾಳಾದ ಟೇಪು ನೆಲದ ಮೇಲೆ ಒಂದೂ ಇಲ್ಲ ಕಣೇ!" ಎಂದೆ. ನೋಡಿ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ.

ನಕ್ಷೆ ಅವಳ ಬ್ಯಾಗಿನಲ್ಲಿ, ಬ್ಯಾಗು ಅವಳ ಹೆಗಲಲ್ಲಿ. ಉಳಿದಿದ್ದು ನನ್ನ ನೆನಪು ಮತ್ತು ನನ್ನ ಆತ್ಮವಿಶ್ವಾಸ. ಮನೆಯಲ್ಲಿ ಕಪ್ಪು ಟೇಪು ಇರಲಿಲ್ಲ. ಆಫೀಸಿನದೊಂದು ಕೆಂಪು ಸುರುಳಿ ಸಿಕ್ಕಿತು. ಅದರುದ್ದಕ್ಕೂ 'ಎಚ್ಚರಿಕೆ! ಒಡೆಯುವ ವಸ್ತು' ಎಂದು ಅಚ್ಚಾಗಿತ್ತು. ಚಿಂತೆಯಿಲ್ಲ, ಗೆರೆ ಗೆರೆಯೇ! ಸೋಫಾವನ್ನು ಕೊಂಚ ಧಾರಾಳವಾಗಿಯೇ ಎಳೆದೆ. ಮೇಜು ಕೈಗೆಟುಕುವಂತೆ ಅದಕ್ಕೆ ಒತ್ತಿಕೊಂಡು ಬಂತು. ಕಪಾಟಿಗೆ ಬಾಗಿಲ ಪಕ್ಕ ಖಾಲಿ ಜಾಗ ಕಂಡಿತು. ಕಿಟಕಿಯ ಮೂಲೆಯಲ್ಲೊಂದು ಪುಟ್ಟ ಚೌಕ ಇದ್ದದ್ದು ಮಸುಕಾಗಿ ನೆನಪಾಯಿತು. ಯಾವುದೋ ಹೂಕುಂಡವಿರಬೇಕು, ಬೇಡವೇ ಬೇಡ ಎಂದು ಕೈಬಿಟ್ಟೆ.

ಮೇಡಂ ಬಂದರು. ಹಿಂದೆ ವಿದ್ಯಾರ್ಥಿಗಳ ಹಿಂಡು, ನಡುವೆ ನನ್ನವಳು. ನೆಲ ನೋಡಿದಳು. ನನ್ನನ್ನು ನೋಡಿದಳು. ಆ ನೋಟವನ್ನು ಪ್ಯಾಕ್ ಮಾಡುವ ಡಬ್ಬ ನಮ್ಮ ಕಂಪನಿಯಲ್ಲಿಲ್ಲ! ಅವಳು ಬಾಯಿ ತೆರೆಯುವ ಮೊದಲೇ ಮೇಡಂ ನನ್ನತ್ತ ಬೆರಳು ತೋರಿದರು.

"ನೀವು ಈ ಮನೆಯವರಲ್ವಾ? ಕೆಲಸ ಮುಗಿಸಿ ಬಂದಿದ್ದೀರಿ. ದಿನಾ ಹೇಗಿರ್ತೀರೋ ಹಾಗೇ ಇದ್ದು ತೋರಿಸಿ. ಗೆರೆ ಅಂದ್ರೆ ಸಾಮಾನು. ದಾಟೋ ಹಾಗಿಲ್ಲ."

ಹೊರಗೆ ಹೋಗಿ ಗಂಭೀರವಾಗಿ ಬಾಗಿಲು ತಳ್ಳಿದೆ.

"ನಿಲ್ಲಿ! ಬಾಗಿಲು ಕಪಾಟಿಗೆ ಬಡೀತು."

ಹೊಟ್ಟೆ ಎಳೆದುಕೊಂಡು ಅಡ್ಡಡ್ಡ ನುಸುಳಿ ಸೋಫಾ ಗೆರೆಯೊಳಗೆ ಕೂತೆ.

"ಈಗ ನಿಮ್ಮ ಅತ್ತೆಗೆ ಒಂದು ಲೋಟ ನೀರು ತಂದುಕೊಡಿ."

ಎದ್ದೆ. ಮುಂದೆ ಮೇಜು, ಬಲಕ್ಕೆ ಗೋಡೆ, ಎಡಕ್ಕೆ ಕಪಾಟು. ಬಂದ ದಾರಿಯಲ್ಲೇ ಹಿಂದಿರುಗೋಣವೆಂದರೆ ಬಾಗಿಲು ತೆರೆದುಕೊಂಡು ಅಡ್ಡ ನಿಂತಿದೆ! ಒಂಟಿ ಕಾಲಿನಲ್ಲಿ ಸುತ್ತು ಹಾಕಿದೆ. ವಿದ್ಯಾರ್ಥಿಗಳು ಕೊಕ್ಕರೆ ನೋಡುವಂತೆ ನೋಡಿದರು.

"ಹೋಗಲಿ, ಬಚ್ಚಲಿಗಾದ್ರೂ ಹೋಗ್ತೀರಾ?" ಎಂದರು ಮೇಡಂ.

"ಸದ್ಯಕ್ಕೆ ಬೇಡ ಮೇಡಂ."

"ಪಾರ್ಸೆಲ್ ಆಗಿಬಿಟ್ರಲ್ಲ ಅಳಿಯಂದಿರೇ!" ಎಂದರು ಅತ್ತೆ. "ಹಣೆ ಮೇಲೆ ಒಂದು ವಿಳಾಸ ಬರೆದರೆ ಕಳಿಸಿಬಿಡಬಹುದು."

ಎಲ್ಲರೂ ನಕ್ಕರು. ನನ್ನವಳು ನಗಲಿಲ್ಲ. ಅವಳ ಕಣ್ಣಂಚು ಒದ್ದೆಯಾಗಿತ್ತು. ಅದನ್ನು ಕಂಡು ನನ್ನ ಅಹಂಕಾರ ಅಲ್ಲೇ ಪುಸ್ಸೆಂದಿತು. ಜೇಬಿನಿಂದ ಕಪ್ಪು ಉಂಡೆ ತೆಗೆದು ಮೇಡಂ ಮುಂದೆ ಹಿಡಿದೆ.

"ತಪ್ಪು ನಂದು ಮೇಡಂ. ಅವಳ ಸೋಫಾ ಇಲ್ಲಿದೆ. ಕಸ ಅಂತ ಕಿತ್ತುಬಿಟ್ಟೆ. ಈ ಕೆಂಪು ಅವಾಂತರ ನನ್ನದು. ಅವಳನ್ನ ಫೇಲ್ ಮಾಡಬೇಡಿ."

ಮೇಡಂ ಉಂಡೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಇವಳತ್ತ ತಿರುಗಿ, "ನಕ್ಷೆ ತೆಗೀಬೇಡ. ನೋಡದೇ ಮತ್ತೆ ಹಾಕ್ತೀಯಾ?" ಎಂದರು.

ಸಹಪಾಠಿಯೊಬ್ಬ ಬ್ಯಾಗಿನಿಂದ ಕಪ್ಪು ಟೇಪು ಎಸೆದ. ಇವಳು ದುಪಟ್ಟಾ ಸೊಂಟಕ್ಕೆ ಬಿಗಿದು, ನನ್ನ ಕೆಂಪು ಗೆರೆಗಳನ್ನೆಲ್ಲ ಕಿತ್ತಳು.

"ರೀ, ಇಲ್ಲಿ ಕೂತ್ಕೊಳ್ಳಿ. ಜಾರಿ. ಇನ್ನೂ ಜಾರಿ. ನಾಚಿಕೆ ಬೇಡ, ದಿನಾ ಜಾರೋ ಹಾಗೇ ಜಾರಿ!"

ನನ್ನ ಹಿಮ್ಮಡಿ ಮುಟ್ಟಿದಲ್ಲಿ ಒಂದು ಗುರುತು. ಅದರಾಚೆ ಊರುಗೋಲನ್ನು ಅಡ್ಡ ಮಲಗಿಸಿ ಇನ್ನೊಂದು ಗುರುತು. "ಹೋದ ತಿಂಗಳು ಅಮ್ಮ ಇವರ ಕಾಲಿಗೆ ಎಡವಿ ಬಿದ್ದಳು ಮೇಡಂ. ಇವರು ಕಾಲು ಮಡಚಲ್ಲ, ಅಮ್ಮ ಓಡಾಟ ಬಿಡಲ್ಲ. ಅದಕ್ಕೇ ಮೇಜು ಇಷ್ಟು ದೂರ." ಬಾಗಿಲು ಪೂರ್ತಿ ತೆರೆದು, ಅದು ನಿಂತಲ್ಲಿಂದ ಆಚೆಗೆ ಕಪಾಟು. ಸಂಜೆಯ ಬಿಸಿಲು ಬೀಳುವಲ್ಲಿ ಅಮ್ಮನ ಕುರ್ಚಿ. ಅಳತೆಪಟ್ಟಿಯನ್ನು ಅವಳು ಮುಟ್ಟಲೇ ಇಲ್ಲ. ನಮ್ಮನ್ನೇ ಮುಟ್ಟಿ ಮುಟ್ಟಿ ಅಳೆದಳು.

ಅತ್ತೆ ಕೋಲೂರಿಕೊಂಡು ಕೋಣೆಯಿಂದ ಅಡುಗೆಮನೆಗೆ ನಡೆದರು. ಗೋಡೆ ಹಿಡಿಯಲಿಲ್ಲ. ನನ್ನ ಕಾಲು ತಗುಲಲಿಲ್ಲ. ಬೇಕೆಂದೇ ಇನ್ನೊಂದು ಸಲ ನಡೆದರು, ರಾಣಿಯ ಠೀವಿಯಲ್ಲಿ.

"ಈಗ ಮನುಷ್ಯರು ಕಾಣ್ತಿದ್ದಾರೆ" ಎಂದರು ಮೇಡಂ. "ಪಾಸು!"

ಅಬ್ಬಾ! ಎದೆಯ ಮೇಲಿಂದ ಲಾರಿಯೊಂದು ಲೋಡು ಸಮೇತ ಇಳಿದು ಹೋದಂತಾಯಿತು. ಇವಳು ಅಮ್ಮನನ್ನು ತಬ್ಬಿಕೊಂಡಳು. ನನ್ನನ್ನು ನೋಡಿ ನಕ್ಕಳು ಕೂಡ. ಎಲ್ಲ ಮುಗಿಯಿತು, ಬಚಾವಾದೆ ಅಂದುಕೊಂಡೆ.

"ಒಂದು ಬಾಕಿ ಇದೆ ಮೇಡಂ" ಎಂದು ಇವಳು ಕೈಚಾಚಿದಳು. "ರೀ, ನಿಮ್ಮ ಕೆಂಪು ಟೇಪು ಕೊಡಿ."

ಕಿಟಕಿಯ ಮೂಲೆಗೆ ಹೋಗಿ, ನಾನು ಕೈಬಿಟ್ಟಿದ್ದ ಆ ಪುಟ್ಟ ಚೌಕವನ್ನು ಹಾಕಿದಳು.

"ಇದೇನು, ಹೂಕುಂಡಕ್ಕಾ?" ಎಂದೆ.

"ಅಲ್ಲ, ನಿಮಗೇ. ಮನೆಗೆಲಸಕ್ಕೆ ಸಹಾಯ ಮಾಡ್ಬೇಕು ಅಂತ ನಿಮಗೆ ಅನ್ನಿಸಿದಾಗಲೆಲ್ಲ ಇಲ್ಲಿ ಬಂದು ಕೂತ್ಕೊಳ್ಳೋಕೆ."

ಆ ಅಂಶಕ್ಕೆ ಮೇಡಂ ಹೆಚ್ಚುವರಿ ಅಂಕ ಕೊಟ್ಟರು.

ಈಗ ಅಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಜಾಗ ನಿಜಕ್ಕೂ ಚೆನ್ನಾಗಿದೆ. ಬೆಳಕಿದೆ, ಗಾಳಿಯಿದೆ, ಬೆನ್ನಿಗೆ ಗೋಡೆಯಿದೆ. ಎದುರಿನ ಕುರ್ಚಿಯಿಂದ ಊರುಗೋಲು ಟಕ್ ಟಕ್ ಎನ್ನುತ್ತಿದೆ.

"ಅಳಿಯಂದಿರೇ, ಕಾಲು ಗೆರೆಯಿಂದ ಹೊರಗೆ ಬಂತು!"