ರೇಡಿಯೊಗೆ ಕೊಟ್ಟ ಕ್ಯಾಸೆಟ್

ನವೆಂಬರಿನ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಚರ್ಚಿಗೆ ಹೊರಟ ಡೆಸ್ಮಂಡ್ ಹೆಪ್‌ವರ್ತ್, ಕಾಣಿಕೆಗೆ ಚಿಲ್ಲರೆ ಇದೆಯೇ ಎಂದು ಕೋಟಿನ ಜೇಬಿಗೆ ಕೈ ಹಾಕಿದ. ಚಿಲ್ಲರೆ ಸಿಗಲಿಲ್ಲ, ಒಂದು ಕ್ಯಾಸೆಟ್ ಸಿಕ್ಕಿತು. ಅದರ ಮೇಲೆ ಪೆನ್ಸಿಲಿನಲ್ಲಿ ಸಣ್ಣಗೆ ‘ಮಾದರಿ’ ಎಂದು ಬರೆದಿತ್ತು.

ಆ ಕ್ಯಾಸೆಟ್ ಅಷ್ಟು ಹೊತ್ತಿಗೆ ಹತ್ತು ಮೈಲಿ ಆಚೆ ರೇಡಿಯೊ ಕೇಂದ್ರದಲ್ಲಿ ಇರಬೇಕಿತ್ತು.

“ಏನದು, ಸತ್ತ ಇಲಿ ಸಿಕ್ಕೋರ ಥರ ನಿಂತಿದ್ದೀಯ?” ಎಂದಳು ಹೆಂಡತಿ ಬ್ರೆಂಡಾ.

“ಇದು ಇಲ್ಲಿದ್ರೆ ಅಲ್ಲಿಗೆ ಕೊಟ್ಟಿದ್ದು ಯಾವುದು?” ಎಂದ ಡೆಸ್ಮಂಡ್. ಉತ್ತರ ಅವನಿಗೆ ಆಗಲೇ ಗೊತ್ತಿತ್ತು. 

ಅದು 1983. ಯಾರ್ಕ್‌ಷೈರಿನ ಆ ಊರಿನಲ್ಲಿ ಉಕ್ಕಿನ ಕಾರ್ಖಾನೆ ಮುಚ್ಚಿ ಎರಡು ವರ್ಷವಾಗಿತ್ತು. ಗಣಿಯ ಸರದಿ ಯಾವಾಗ ಎಂದು ಜನ ಹವಾಮಾನ ಕೇಳುವಂತೆ ಕೇಳುತ್ತಿದ್ದರು. ಕೆಲಸ ಕಳೆದುಕೊಂಡ ಡೆಸ್ಮಂಡ್, ಗಣಿತದ ಮೇಷ್ಟರ ಕೆಲಸ ಬಿಟ್ಟಿದ್ದ ನೈಜಲ್ ಸಗ್ಡನ್ ಜೊತೆ ಸೇರಿ, ಉಣ್ಣೆಯ ಅಂಗಡಿಯೊಂದರ ಮಾಳಿಗೆಯಲ್ಲಿ ಕಂಪ್ಯೂಟರ್ ಆಟ ಮಾಡುವ ಕಂಪನಿ ತೆರೆದಿದ್ದ. ಹೆಸರು ‘ಟಿನ್ ಕೆಟಲ್ ಸಾಫ್ಟ್‌ವೇರ್’. ನೈಜಲ್ ಆಟ ಬರೆಯುತ್ತಿದ್ದ. ಡೆಸ್ಮಂಡ್ ಉಳಿದದ್ದನ್ನೆಲ್ಲ ಮಾಡುತ್ತಿದ್ದ, ಹೆಚ್ಚಾಗಿ ತಪ್ಪಾಗಿ.

ಎರಡು ವರ್ಷಕ್ಕೆ ಒಂದೇ ಆಟ ಮುಗಿದಿತ್ತು. ಹಾಲಿನವನೊಬ್ಬ ಚಾವಣಿಯಿಂದ ಚಾವಣಿಗೆ ಜಿಗಿಯುತ್ತ ಸೀಸೆ ಇಡುವ ಆಟ. ನಲವತ್ತು ಮನೆಗಳು. ಕ್ರಿಸ್‌ಮಸ್ಸಿಗೆ ಅದು ಮಾರಾಟವಾದರೆ ಕಂಪನಿ ಉಳಿಯುತ್ತದೆ, ಇಲ್ಲದಿದ್ದರೆ ಜನವರಿಯಲ್ಲಿ ಇಬ್ಬರೂ ನಿರುದ್ಯೋಗಿಗಳ ಸಾಲಿಗೆ ವಾಪಸ್ಸು. ಕೊನೆಯ ಮೂರು ವಾರದ ತಿದ್ದುಪಡಿಗಳನ್ನು ನೈಜಲ್ ನೇರವಾಗಿ ಕಂಪ್ಯೂಟರಿನೊಳಗೇ ಮಾಡಿದ್ದ, ಒಂದನ್ನೂ ಕಾಗದಕ್ಕೆ ಇಳಿಸಿರಲಿಲ್ಲ. ಆಗಿನ ಕಂಪ್ಯೂಟರು ಆರಿಸಿದೊಡನೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತಿತ್ತು. ಹೀಗಾಗಿ ಪೂರ್ತಿ ಆಟ ಜಗತ್ತಿನಲ್ಲಿ ಎರಡೇ ಎರಡು ಕ್ಯಾಸೆಟ್ಟಿನಲ್ಲಿತ್ತು. ಒಂದು, ಐದು ಸಾವಿರ ಪ್ರತಿ ತೆಗೆಯುವ ಕಾರ್ಖಾನೆಗೆ ಹೋಗಿತ್ತು. ಇನ್ನೊಂದು ಮೇಜಿನ ಡ್ರಾಯರಿನಲ್ಲಿರಬೇಕಿತ್ತು.

ಆಗ ಆಟವೆಂದರೆ ಕ್ಯಾಸೆಟ್ಟಿನಲ್ಲಿ ಬರುವ ಒಂದು ಕಿರುಚಾಟ. ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ತಂತಿ ಕೊಟ್ಟರೆ, ಬಾಗಿಲಿಗೆ ಬಾಲ ಸಿಕ್ಕಿಸಿಕೊಂಡ ಪ್ರಾಣಿಯಂತೆ ಅದು ಆರು ನಿಮಿಷ ಅರಚುತ್ತಿತ್ತು; ಆಮೇಲೆ ಪರದೆಯ ಮೇಲೆ ಆಟ ಮೂಡುತ್ತಿತ್ತು. ಸ್ಥಳೀಯ ರೇಡಿಯೊದವರು ಈ ಕಿರುಚಾಟವನ್ನೇ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಪ್ರಸಾರ ಮಾಡುತ್ತಿದ್ದರು. ಕೇಳುಗರು ಮನೆಯಲ್ಲಿ ರೆಕಾರ್ಡ್ ಮಾಡಿಕೊಂಡು ಆಡಬಹುದಿತ್ತು. ಜಾಹೀರಾತಾಗಲಿ ಎಂದು ಡೆಸ್ಮಂಡ್ ಒಂದೇ ಮನೆಯಿರುವ ಮಾದರಿ ಆಟವನ್ನು ಅವರಿಗೆ ಶುಕ್ರವಾರ ಕೊಟ್ಟು ಬಂದಿದ್ದ. ಕೊಟ್ಟಿದ್ದೇನೆ ಎಂದುಕೊಂಡಿದ್ದ.

“ಮಧ್ಯಾಹ್ನ ಹನ್ನೆರಡಕ್ಕೆ ಇಡೀ ಜಿಲ್ಲೆಗೆ ನಲವತ್ತು ಮನೇನೂ ಪುಕ್ಕಟೆ!” ಎಂದು ಅವನು ಫೋನಿಗೆ ಹಾರಿದ. ಪುಕ್ಕಟೆ ಸಿಕ್ಕಿದ ಮೇಲೆ ಕೊಳ್ಳುವವರು ಯಾರು?

ಭಾನುವಾರ ಬೆಳಿಗ್ಗೆ ಆ ಕೇಂದ್ರದಲ್ಲಿ ಒಂದೇ ಫೋನು ಕೆಲಸ ಮಾಡುತ್ತಿತ್ತು. ಹತ್ತು ನಿಮಿಷ ಕಾಯಿಸಿ ಒಂದು ಹೆಣ್ಣುದನಿ ಜೇನಿನಂತೆ ಸುರಿಯಿತು. “ಭಾನುವಾರದ ಭಕ್ತಿಗೀತೆಗೆ ಸ್ವಾಗತ. ನೀವೀಗ ನೇರ ಪ್ರಸಾರದಲ್ಲಿದ್ದೀರಿ. ಯಾರು ಮಾತಾಡ್ತಿರೋದು?”

“ಡೆಸ್ಮಂಡ್ ಹೆಪ್‌ವರ್ತ್. ದಯವಿಟ್ಟು ಕೇಳಿ, ದೊಡ್ಡ ಅನಾಹುತ ಆಗಿದೆ...”

“ಅಯ್ಯೋ ಪಾಪ. ನಿಧಾನ, ಡೆಸ್ಮಂಡ್. ಅಳು ಬಂದ್ರೆ ತಡೀಬೇಡಿ.”

“ಅಳು ಬರ್ತಿಲ್ಲ ಕಣ್ರೀ! ಹನ್ನೆರಡು ಗಂಟೆಗೆ ಎಲ್ಲಾ ಮುಗಿದುಹೋಗುತ್ತೆ. ನೀವು...”

“ನಾವೆಲ್ಲ ನಿಮ್ಮ ಜೊತೆ ಇದ್ದೀವಿ. ಕೇಳುಗರೇ, ದುಃಖದಲ್ಲಿರೋ ಡೆಸ್ಮಂಡ್ ಹೆಪ್‌ವರ್ತ್‌ಗಾಗಿ ಈ ಗೀತೆ.” ಫೋನು ಕಟ್ಟಾಯಿತು. ಅಡುಗೆಮನೆಯ ರೇಡಿಯೊದಲ್ಲಿ, ಆ ಊರಿನಲ್ಲಿ ಹೆಣ ಇಳಿಸುವಾಗ ಮಾತ್ರ ಹಾಡುವ ಹಾಡು ಶುರುವಾಯಿತು.

ಮೂರನೆಯ ಚರಣ ಮುಗಿಯುವುದರೊಳಗೆ ಯಾರೋ ಬಾಗಿಲು ಬಡಿದರು. ಉಣ್ಣೆಯ ಅಂಗಡಿಯ ಮಿಸೆಸ್ ಆಟ್ಲಿ ಊಟಕ್ಕೆಂದು ಬಿಸಿ ಪೈ ಹಿಡಿದು ನಿಂತಿದ್ದಳು. ಹಿಂದೆ ಪಕ್ಕದ ಮನೆಯ ವಾಲ್ಟರ್ ಡೈಸನ್, ಎದೆಗೆ ಟೋಪಿ ಒತ್ತಿಕೊಂಡು.

“ಯಾರಪ್ಪಾ ಹೋದ್ರು?” ಎಂದಳು ಮಿಸೆಸ್ ಆಟ್ಲಿ.

“ಯಾರೂ ಹೋಗಿಲ್ಲ. ಒಂದು ಕ್ಯಾಸೆಟ್ ಹೋಗಿದೆ.”

ಅವಳು ಬ್ರೆಂಡಾಳ ಕಿವಿಯಲ್ಲಿ, “ಮೊದಲು ಹೀಗೇ ಆಡ್ತಾರೆ. ನಮ್ಮ ಯಜಮಾನ್ರು ಹೋದಾಗ ನಾನು ಮೂರು ದಿನ ಚಮಚ ಹುಡುಕಿದ್ದೆ,” ಎಂದಳು.

“ನಾನೀಗಲೇ ರೇಡಿಯೊ ಕೇಂದ್ರಕ್ಕೆ ಹೋಗ್ಬೇಕು. ಮಧ್ಯಾಹ್ನ ಒಂದರ ತನಕ ಬಸ್ಸಿಲ್ಲ,” ಎಂದ ಡೆಸ್ಮಂಡ್.

“ನಾನಿದ್ದೀನಿ ಮಗ. ಟೈ ಕಟ್ಕೊಂಡು ಬರ್ತೀನಿ,” ಎಂದ ವಾಲ್ಟರ್.

ವಾಲ್ಟರನ ಕಾರು ಚೆನ್ನಾಗಿಯೇ ಇತ್ತು. ತೊಂದರೆ ಇದ್ದದ್ದು ವಾಲ್ಟರನಲ್ಲಿ. ಅವನು ಮೂವತ್ತೊಂದು ವರ್ಷ ಶವದ ಗಾಡಿ ಓಡಿಸಿ ನಿವೃತ್ತನಾದವನು. ಅವನ ಬಲಗಾಲಿಗೆ ಗಂಟೆಗೆ ಹದಿನೈದು ಮೈಲಿಗಿಂತ ಹೆಚ್ಚು ಒತ್ತುವುದು ತಿಳಿದಿರಲಿಲ್ಲ. ಅಂದಂತೂ ಪಕ್ಕದಲ್ಲಿ ದುಃಖಿತ ಕೂತಿದ್ದಾನೆಂದು ಇನ್ನಷ್ಟು ಮೃದುವಾಗಿ ಓಡಿಸಿದ.

“ಸ್ವಲ್ಪ ಜೋರಾಗಿ ಹೋಗಿ ವಾಲ್ಟರ್, ನಿಮ್ಮ ದಮ್ಮಯ್ಯ.”

“ಅವಸರ ಮಾಡಿದ್ರೆ ಹೋದೋರು ವಾಪಸ್ ಬರ್ತಾರಾ ಮಗ?”

ಹಿಂದಿನ ಕಾರುಗಳು ದೀಪ ಹಾಕಿಕೊಂಡು ಗೌರವದಿಂದ ಸಾಲಾಗಿ ಬರತೊಡಗಿದವು. ಬಸ್ ನಿಲ್ದಾಣದಲ್ಲಿದ್ದ ಮುದುಕನೊಬ್ಬ ಟೋಪಿ ತೆಗೆದ. ಡೆಸ್ಮಂಡ್ ತನ್ನ ಕಂಪನಿಯ ಶವಯಾತ್ರೆಯಲ್ಲಿ ತಾನೇ ಮುಂದೆ ಕೂತಂತೆ ಕೂತಿದ್ದ.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಪೇಟೆ ತಲುಪಿದರು, ಅಲ್ಲಿಗೆ ದಾರಿ ಮುಗಿಯಿತು. ಯುದ್ಧದಲ್ಲಿ ಸತ್ತವರನ್ನು ನೆನೆಯುವ ಭಾನುವಾರ ಅದು. ಸ್ಮಾರಕದ ಸುತ್ತ ಇಡೀ ಊರು ಎದೆಗೆ ಕೆಂಪು ಕಾಗದದ ಹೂ ಸಿಕ್ಕಿಸಿಕೊಂಡು ನೆರೆದಿತ್ತು. ಡೆಸ್ಮಂಡ್ ಕಾರಿನಿಂದ ಇಳಿದು ಜನರ ನಡುವೆ ನುಗ್ಗಿದ; ಸರಿಯಾಗಿ ಮಧ್ಯಕ್ಕೆ ಬಂದಾಗ ಗಡಿಯಾರ ಹನ್ನೊಂದು ಹೊಡೆಯಿತು. ಎರಡು ಸಾವಿರ ಜನ ಕಲ್ಲಾದರು. ಅವನು ಒಂದು ಕಾಲು ಎತ್ತಿದ್ದವನು ಮೆಲ್ಲಗೆ ಇಳಿಸಿದ. ಪದಕಗಳನ್ನು ತೊಟ್ಟಿದ್ದ ಮುದುಕನೊಬ್ಬ ತುಟಿ ಅಲುಗಿಸದೆ, “ಅಲ್ಲಾಡಿದ್ರೆ ಕಾಲು ಮುರೀತೀನಿ,” ಎಂದ. ಎರಡು ನಿಮಿಷ ಮೌನ. ಆಮೇಲೆ ಮೇಯರ್ ಹೂಮಾಲೆ ಇಟ್ಟರು. ಗಣಿಯವರು, ಅಗ್ನಿಶಾಮಕದವರು, ಹೆಂಗಸರ ಸಂಘದವರು, ಪಾರಿವಾಳ ಸಾಕುವವರು ಒಬ್ಬೊಬ್ಬರಾಗಿ ಇಟ್ಟರು. ಸತ್ತವರ ಹೆಸರುಗಳನ್ನು ಓದಿದರು. ಅದರಲ್ಲಿ ಮೂವರು ಹೆಪ್‌ವರ್ತ್‌ಗಳಿದ್ದರು. ಓಡಿಹೋಗಲು ಅವನಿಗೆ ಮನಸ್ಸಾಗಲಿಲ್ಲ.

ಬಿಡುಗಡೆ ಸಿಕ್ಕಾಗ ಹನ್ನೆರಡಕ್ಕೆ ಆರು ನಿಮಿಷ. ಅವನು ಓಡಿದ.

ರೇಡಿಯೊ ಕೇಂದ್ರದ ಬಾಗಿಲಲ್ಲಿ ಡೋರೀನ್ ಎಂಬ ದಪ್ಪ ಹೆಂಗಸು ಸ್ವೆಟರ್ ಹೆಣೆಯುತ್ತ ಕೂತಿದ್ದಳು. “ಪುಸ್ತಕದಲ್ಲಿ ಬರಿ ಕಂದಾ. ಹೆಸರು, ಬಂದ ಹೊತ್ತು, ಬಂದ ಕಾರಣ.”

“ಕ್ಯಾಸೆಟ್ ಬದಲಾಯಿಸ್ಬೇಕು, ಒಂದು ನಿಮಿಷ ಅಷ್ಟೇ!”

“ಅದನ್ನೇ ಬರಿ.” ಹೆಸರು ಓದಿ ಅವಳ ಕಣ್ಣು ತುಂಬಿತು. “ನೀನೇನಾ ಡೆಸ್ಮಂಡ್? ಇಡೀ ಬೆಳಿಗ್ಗೆ ನಿನ್ನ ಯೋಚನೇನೇ. ಕೂತ್ಕೋ, ಚಹಾ ತರ್ತೀನಿ.”

ಅಷ್ಟರಲ್ಲಿ ಗೋಡೆಯ ಮೇಲಿದ್ದ ಸ್ಪೀಕರಿನಿಂದ ನಿರೂಪಕ, “ರೆಕಾರ್ಡರ್ ಸಿದ್ಧ ಇಟ್ಕೊಳ್ಳಿ, ಶುರು!” ಎಂದ. ಕಿರುಚಾಟ ಹೊರಟಿತು.

ಡೆಸ್ಮಂಡನಿಗೆ ಒಂದು ಸಂಗತಿ ಗೊತ್ತಿತ್ತು. ಆ ಆರು ನಿಮಿಷದಲ್ಲಿ ಒಂದು ಕ್ಷಣ ಕೆಟ್ಟರೂ ಇಡೀ ಆಟ ಕೆಡುತ್ತದೆ; ಒಂದು ಹೆಣಿಗೆ ಬಿಚ್ಚಿದ ಸ್ವೆಟರಿನಂತೆ. ಕೆಂಪು ದೀಪ ಉರಿಯುತ್ತಿದ್ದ ಬಾಗಿಲು ತಳ್ಳಿ ಒಳನುಗ್ಗಿದವನು ಉಸಿರು ತುಂಬಿಕೊಂಡು, “ಓ! ಓ! ಹೋ!” ಎಂದು ಕೂಗಿದ.

ಯಂತ್ರದ ಮುಂದಿದ್ದ ತಂತ್ರಜ್ಞ ಸಿರಿಲ್ ಸ್ಯಾಂಡ್‌ವಿಚ್ ತಿನ್ನುತ್ತಿದ್ದ. “ಮೈಕ್ ಬಂದ್ ಆಗಿದೆ ಕಣಯ್ಯ. ಎಷ್ಟು ಬೇಕಾದ್ರೂ ಕೂಗು,” ಎಂದ.

ಡೆಸ್ಮಂಡ್ ಯಂತ್ರದ ಮೇಲೆ ಬಿದ್ದ. ಕೈಗೆ ಸಿಕ್ಕ ಗುಂಡಿ ಒತ್ತಿ ಕ್ಯಾಸೆಟ್ಟನ್ನು ಕಿತ್ತ. ಟೇಪು ಒಳಗಿನ ಉರುಳೆಗೆ ಸುತ್ತಿಕೊಂಡಿತ್ತು. ಎಳೆದಷ್ಟೂ ಬಂತು, ಅವನ ಮೊಣಕೈಗೆ, ಕತ್ತಿಗೆ, ಸಿರಿಲ್‌ನ ಸ್ಯಾಂಡ್‌ವಿಚ್ಚಿಗೆ ಸುತ್ತಿಕೊಂಡಿತು. ಜಿಲ್ಲೆಗೆ ಜಿಲ್ಲೆಯೇ ನಿಶ್ಶಬ್ದವಾಯಿತು. ಹೊರಗೆ ಡೋರೀನ್, ಇನ್ನೊಂದು ಎರಡು ನಿಮಿಷದ ಮೌನವೆಂದು ತಿಳಿದು ಎದ್ದು ನಿಂತಳು.

“ಗಾಬರಿ ಬೇಡ,” ಎಂದ ಸಿರಿಲ್. ಅವನು ತಾಳ್ಮೆಯ ಮನುಷ್ಯ. “ಟೇಪು ತುಂಡಾಗಿಲ್ಲ. ಬಿಡಿಸಿ, ಸುತ್ತಿ, ಮುಂದಿನ ವಾರ ಮೊದಲಿಂದ ಹಾಕ್ತೀನಿ. ಒಂದು ಚೂರೂ ಹಾಳಾಗಲ್ಲ.”

ಒಂದು ಚೂರೂ ಹಾಳಾಗಲ್ಲ! ಡೆಸ್ಮಂಡ್ ಮೇಜಿನ ಮೇಲಿದ್ದ ಬ್ಲೇಡು ಕಸಿದುಕೊಂಡ. ಟೇಪು ಕತ್ತರಿಸಿ ಅಂಟಿಸಲೆಂದು ಸಿರಿಲ್ ಇಟ್ಟುಕೊಂಡಿದ್ದ ಬ್ಲೇಡು ಅದು. ಐದು ಸಾವಿರ ಪ್ರತಿಗೆ ಮೂಲ ಕಾರ್ಖಾನೆಯಲ್ಲಿದೆ, ಇದು ಯಾರ ಕೈಗೂ ಸಿಗಬಾರದು, ಅಷ್ಟೇ ಅವನ ತಲೆಯಲ್ಲಿದ್ದದ್ದು. ಸೊಪ್ಪು ಹೆಚ್ಚುವಂತೆ ಹೆಚ್ಚಿದ. ನೆಲದ ಮೇಲೆ ಕಂದು ಬಣ್ಣದ ರಾಶಿ ಬಿತ್ತು.

“ಮುಗೀತಾ?” ಎಂದ ಸಿರಿಲ್.

“ಮುಗೀತು. ಈಗ ಇದನ್ನ ಹಾಕಿ,” ಎಂದು ಡೆಸ್ಮಂಡ್ ಬೆವರು ಒರೆಸಿಕೊಳ್ಳುತ್ತ ಮಾದರಿಯ ಕ್ಯಾಸೆಟ್ ಚಾಚಿದ.

“ಉರುಳೆ ತುಂಬ ಟೇಪು ಕೂತಿದೆ. ಇನ್ನು ಇವತ್ತು ಬರೀ ವಾದ್ಯಗೋಷ್ಠಿ.” ಸಿರಿಲ್ ಸ್ಯಾಂಡ್‌ವಿಚ್ಚಿನಿಂದ ಟೇಪು ಬಿಡಿಸಿದ. “ಅಲ್ಲಯ್ಯ, ಇಷ್ಟೆಲ್ಲ ಯಾಕೆ ಮಾಡಿದೆ?”

“ಪೂರ್ತಿ ಆಟ ಅದರಲ್ಲಿತ್ತು. ಜಿಲ್ಲೆಯೋರೆಲ್ಲ ಇಳಿಸ್ಕೊಂಡು ಬಿಡ್ತಿದ್ರು.”

ಸಿರಿಲ್ ಸ್ಯಾಂಡ್‌ವಿಚ್ ಕೆಳಗಿಟ್ಟ. “ಹನ್ನೊಂದು ವಾರದಿಂದ ಹಾಕ್ತಿದ್ದೀವಿ. ಇಲ್ಲಿ ತನಕ ಒಬ್ಬರಿಗೂ ಒಂದು ಆಟಾನೂ ಇಳಿದಿಲ್ಲ. ನಮ್ಮ ಪ್ರಸಾರದ ಯಂತ್ರ ಜೋರು ಸದ್ದನ್ನ ತಗ್ಗಿಸುತ್ತೆ, ಸಣ್ಣ ಸದ್ದನ್ನ ಏರಿಸುತ್ತೆ. ನಿಮ್ಮ ಕಿರುಚಾಟ ಮನೆ ಸೇರೋ ಹೊತ್ತಿಗೆ ಗಂಜಿ.”

“ಮತ್ತೆ ಜನ ಸುಮ್ನಿದ್ದಾರಾ?”

“ಸುಮ್ನೆ ಎಲ್ಲಿ? ನಮ್ಮ ರೆಕಾರ್ಡರೇ ಸರಿ ಇಲ್ಲ, ದಯವಿಟ್ಟು ಇನ್ನೊಂದು ಸಲ ಹಾಕಿ ಅಂತ ಕಾಗದ ಬರೀತಾರೆ. ನಮಗೆ ಬರೋ ಕಾಗದದಲ್ಲಿ ಅರ್ಧ ಅವೇ.”

ವಾಪಸ್ಸು ಬರುವಾಗ ವಾಲ್ಟರ್ ಮಾತಾಡಲಿಲ್ಲ; ಮಣ್ಣು ಮಾಡಿ ಬಂದವರೊಂದಿಗೆ ಮಾತಾಡಬಾರದೆಂದು ಅವನ ವೃತ್ತಿಧರ್ಮ. ಡೆಸ್ಮಂಡ್ ತನ್ನಷ್ಟಕ್ಕೆ ಸಮಾಧಾನ ಹೇಳಿಕೊಂಡ. ಮಾನ ಹೋಯಿತು, ಜಾಹೀರಾತು ಹೋಯಿತು, ಆದರೆ ಆಟ ಉಳಿಯಿತು. ಕ್ರಿಸ್‌ಮಸ್ ಉಳಿಯಿತು.

ಮನೆಯ ಮೆಟ್ಟಿಲ ಮೇಲೆ ನೈಜಲ್ ಕೂತಿದ್ದ, ಮಿಸೆಸ್ ಆಟ್ಲಿಯ ಪೈ ತಿನ್ನುತ್ತ. ಎಂದೂ ನಗದವನ ಮುಖದಲ್ಲಿ ನಗುವಿನಂಥದ್ದೇನೋ ಇತ್ತು.

“ಬೆಳಿಗ್ಗೆ ಕಾರ್ಖಾನೆಯೋರು ನಿನಗೆ ಫೋನ್ ಮಾಡಿದ್ರಂತೆ, ಲೈನ್ ಬಿಜಿ ಇತ್ತಂತೆ,” ಎಂದ. “ನನಗೆ ಮಾಡಿದ್ರು. ನಮ್ಮ ಮೂಲ ಕ್ಯಾಸೆಟ್ಟನ್ನ ಅವರ ಯಂತ್ರ ಅಗಿದುಬಿಟ್ಟಿದೆ.”

“ಮೂಲಾನಾ?” ಎಂದ ಡೆಸ್ಮಂಡ್.

“ನಾನು ಡ್ರಾಯರಿಗೆ ಓಡಿದೆ. ಖಾಲಿ. ಜೀವವೇ ಹೋದಂಗಾಯ್ತು ಕಣೋ. ಆಮೇಲೆ ಹನ್ನೆರಡಕ್ಕೆ ರೇಡಿಯೊ ಹಾಕಿದೆ. ಮೊದಲ ಮೂರು ಸೆಕೆಂಡಲ್ಲೇ ಗುರುತು ಸಿಕ್ತು. ನಮ್ಮದೇ, ಪೂರ್ತಿದು! ಸದ್ಯ, ಭದ್ರವಾಗಿದೆ ಅಂದ್ಕೊಂಡೆ. ನಡುವೆ ನಿಂತುಹೋಯ್ತು, ಅದಿರಲಿ. ನಾಳೆ ಎಂಟಕ್ಕೆ ತಲುಪಿಸಿದ್ರೆ ಸಾಕಂತೆ. ಕ್ಯಾಸೆಟ್ ವಾಪಸ್ ತಂದ್ಯಾ?”

ಡೆಸ್ಮಂಡ್ ಮಾದರಿಯ ಕ್ಯಾಸೆಟ್ಟನ್ನು ಜೇಬಿನೊಳಗೆ ಇನ್ನೂ ಆಳಕ್ಕೆ ತಳ್ಳಿದ. 

ನೈಜಲ್ ಎದ್ದು ಬಂದು ಅವನ ಕಾಲರಿಗೆ ಅಂಟಿಕೊಂಡಿದ್ದ ಕಂದು ಪಟ್ಟಿಯೊಂದನ್ನು ಎರಡು ಬೆರಳಿನಿಂದ ಎತ್ತಿದ. ಬೆಳಕಿಗೆ ಹಿಡಿದ. ಅಂಗಿಯ ಮೇಲೆ, ಕೂದಲಲ್ಲಿ, ಬೇರೆ ಎಲ್ಲಾದರೂ ಇದೆಯೇ ಎಂದು ನೋಡಿದ. ಇರಲಿಲ್ಲ. ಮೇಷ್ಟರ ಅಭ್ಯಾಸ, ಬೆರಳಿನಿಂದಲೇ ಅಳೆದ.

“ಮೂರು ಅಂಗುಲ,” ಎಂದ ಮೆಲ್ಲಗೆ. “ಒಂದೂವರೆ ಸೆಕೆಂಡು. ನಲವತ್ತು ಮನೇಲಿ ಒಂದು ಕಿಟಕಿ ಆಗುತ್ತೆ, ಡೆಸ್ಮಂಡ್. ಗಾಜು ಬಿಟ್ಟು.”