ಬೀದಿಯ ಲೋಡು, ನನ್ನ ಲೆಕ್ಕ

ಟ್ರಾನ್ಸ್‌ಫಾರ್ಮರ್ ವಿನ್ಯಾಸ ಮಾಡುವುದು ನನ್ನ ಕೆಲಸ. ತಂತಿ, ತಗಡು, ಎಣ್ಣೆ ಹೇಳಿದ ಮಾತು ಕೇಳುತ್ತವೆ, ಜನ ಕೇಳುವುದಿಲ್ಲ. ಹಾಗಾಗಿ ನನಗೆ ಇಂಥ ಪ್ರಸಂಗಗಳು ಆಗುತ್ತಲೇ ಇರುತ್ತವೆ. ಇವು ಮೂರೂ ದೊಡ್ಡಬಳ್ಳಾಪುರದ ಒಂದೇ ನೇಕಾರರ ಬೀದಿಯವು.

೧. ಪಕ್ಕದ ಮನೆಯ ಸದ್ದು

ಆ ಬೀದಿಯವರು ಸೇರಿ ತಮ್ಮದೇ ಟ್ರಾನ್ಸ್‌ಫಾರ್ಮರ್ ಮಾಡಿಸಲು ಹೊರಟಿದ್ದರು. ಎಷ್ಟು ಮಗ್ಗ ಓಡುತ್ತವೆಂದು ತಿಳಿಯದೆ ಒಳಗಿನ ತಂತಿ ಎಷ್ಟು ದಪ್ಪ ಇರಬೇಕೆಂದು ಹೇಳುವುದು ಹೇಗೆ? ಮನೆಮನೆಗೂ ಹೋದೆ. ಕೈಯಲ್ಲಿದ್ದ ಮೀಟರ್ ನೋಡಿ ಕರೆಂಟ್ ಆಫೀಸಿನವನು ಅಂದುಕೊಂಡರೇನೋ, ಎಲ್ಲರೂ ಒಂದೇ ಮಗ್ಗ ಎಂದರು. ಬೀದಿಗೇ ಹಿರಿಯಳಾದ ಅಜ್ಜಿ, ತನ್ನ ಹಿಂದಿನ ಕೋಣೆಯ ಮಗ್ಗದ ಸದ್ದು ಪಕ್ಕದ ಮನೆಯದು ಎಂದಳು. ಪಕ್ಕದವರು ಅದರಾಚೆ ಮನೆಯದು ಎಂದರು. ಕೊನೆಯ ಮನೆಯ ಆಚೆ ಇದ್ದದ್ದು ಗಣೇಶನ ಗುಡಿ. ಆ ಮನೆಯವರು ಸ್ವಲ್ಪ ಯೋಚಿಸಿ ಗುಡಿಯ ಕಡೆಗೇ ಕೈ ತೋರಿಸಿದರು.

೨. ಸುಮ್ಮನೆ ಕೂತದ್ದು

ಗಣೇಶನ ಮಗ್ಗ ಲೆಕ್ಕಕ್ಕೆ ಬರಲಿಲ್ಲ. ಅವರು ಹೇಳಿದಷ್ಟಕ್ಕೇ ಮಾಡಿಕೊಟ್ಟೆ, ಬೇಸಿಗೆಯಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಮದುವೆ ಸೀರೆಗಳ ಕಾಲದಲ್ಲಿ ಬೀದಿಯೇ ಕೈಕಟ್ಟಿ ಕೂತಿತು. ಅಡಗಿಸಿದ ಮಗ್ಗಗಳಲ್ಲದೆ ಇನ್ನೊಂದು ಕಾರಣವೂ ಇತ್ತು.

ಮಗ್ಗದ ಮೋಟಾರು ಕೆಲಸಕ್ಕೆ ಬೇಕಾದ ಕರೆಂಟಿನ ಜೊತೆ, ತನ್ನ ಅಯಸ್ಕಾಂತಕ್ಕೆಂದು ಇನ್ನಷ್ಟು ಎಳೆಯುತ್ತದೆ. ಅದು ಬಂದು ಹೋಗುವುದಷ್ಟೇ, ಒಂದೆಳೆಯನ್ನೂ ನೇಯುವುದಿಲ್ಲ. ಆದರೂ ತಂತಿ ಎರಡನ್ನೂ ಹೊರಬೇಕು, ಬಿಸಿಯಾಗಬೇಕು. ಪವರ್ ಫ್ಯಾಕ್ಟರ್ ಬಿತ್ತು ಅಂದರೆ ಇದೇ. ಮಗ್ಗದ ಪಕ್ಕದಲ್ಲೇ ಕೆಪಾಸಿಟರ್ ಎಂಬ ಡಬ್ಬಿ ಇದ್ದರೆ ಆ ಹೆಚ್ಚಿನ ಪಾಲು ಅಲ್ಲೇ ಸಿಗುತ್ತದೆ, ತಂತಿಗೆ ಭಾರ ಇಳಿಯುತ್ತದೆ. ಮನೆಮನೆಗೂ ಹಾಕಿಸಿದೆ.

ಮತ್ತೆ ಹೋದಾಗ ಅಜ್ಜಿ ಅದನ್ನು ಕಿತ್ತು ಅಟ್ಟಕ್ಕೆ ಹಾಕಿದ್ದಳು. "ನೂಲು ಎಳೆಯಲ್ಲ, ಸದ್ದು ಮಾಡಲ್ಲ, ಸುಮ್ನೆ ಗೋಡೆಗೆ ಒರಗಿಕೊಂಡಿರುತ್ತೆ ಕಣಪ್ಪಾ. ಅಂಥದ್ದು ಮನೇಲಿ ಆಗ್ಲೇ ಒಂದಿದೆ."

ಇಲ್ಲದಾಗಲೇ ಅದರ ಬೆಲೆ ತಿಳಿಯುವುದು ಎಂದೆ. ಅಜ್ಜಿ ಜಗುಲಿಯತ್ತ ಒಮ್ಮೆ ನೋಡಿ, ಅಟ್ಟದಿಂದ ಇಳಿಸಿಕೊಟ್ಟಳು. ಜಗುಲಿಯಲ್ಲಿ ಗೋಡೆಗೆ ಒರಗಿದ್ದ ಅಜ್ಜ ನೆಟ್ಟಗೆ ಕೂತರು.

೩. ಹೊಸಬಳು

ಹೊಸ ಟ್ರಾನ್ಸ್‌ಫಾರ್ಮರಿಗೆ ಈ ಸಲ ಮಗ್ಗಗಳನ್ನು ಕಣ್ಣಾರೆ ನೋಡಿಯೇ ತಂತಿ ದಪ್ಪ ಮಾಡಿದೆ, ಎಣ್ಣೆ ತಣಿಯಲು ಕೊಳವೆ ಹೆಚ್ಚಿಸಿದೆ. ಇದೂ ಸುಟ್ಟರೆ ಬೀದಿಗೆ ಮುಖ ತೋರಿಸುವಂತಿರಲಿಲ್ಲ. ಮೊದಲ ದಿನ ಎಲ್ಲ ಮಗ್ಗ ಒಟ್ಟಿಗೇ ಓಡಿಸಿ, ತಡೆಯುತ್ತದೋ ನೋಡೋಣ ಎಂದು ಹೇಳಿದ್ದೆ.

ಬೆಳಿಗ್ಗೆ ಹೋದರೆ ಪೂಜೆ ಮುಗಿದಿತ್ತು, ಟ್ರಾನ್ಸ್‌ಫಾರ್ಮರ್ ಸುತ್ತಲಿನ ಬೇಲಿಗೆ ಸೇವಂತಿಗೆ ಹಾರ. ಮೀಟರ್ ಹಿಡಿದೆ. ಹೆಚ್ಚುಕಡಿಮೆ ಸೊನ್ನೆ. ಬೀದಿಯಲ್ಲಿ ಒಂದು ಸದ್ದಿಲ್ಲ. ಆಗಲೇ ಸುಟ್ಟಿತೇ ಎಂದು ಅಜ್ಜಿಯ ಮನೆಗೆ ಓಡಿದೆ. ಫ್ಯಾನು ತಿರುಗುತ್ತಿತ್ತು, ಮಗ್ಗ ನಿಂತಿತ್ತು. ಯಾಕಜ್ಜೀ ನಿಲ್ಲಿಸಿದಿರಿ ಎಂದೆ.

"ನಾನು ಮದುವೆಯಾಗಿ ಬಂದ ದಿನವೇ ನನ್ನನ್ನ ಮಗ್ಗಕ್ಕೆ ಕೂರಿಸಿದ್ರು ಕಣಪ್ಪಾ. ಬೇಲಿಯೊಳಗಿರೋ ಇವಳಾದ್ರೂ ಇವತ್ತೊಂದಿನ ಸುಧಾರಿಸ್ಕೊಳ್ಲಿ."

ನಾನು ಮೀಟರನ್ನು ಚೀಲಕ್ಕೆ ಹಾಕಿ, ಜಗುಲಿಯಲ್ಲಿ ಅಜ್ಜನ ಪಕ್ಕ ಗೋಡೆಗೆ ಒರಗಿ ಕೂತೆ.